ಪತ್ತೇಮಾರಿಯ ಎರಡು ದಾರಿ

ಮುರ್ಡೇಶ್ವರದ ಕಂದುಕಗಿರಿಯ ಮೇಲೆ ನಿಂತರೆ ಮೂರು ದಿಕ್ಕಿಗೂ ಕಡಲು ಕಾಣುತ್ತದೆ. ನಾಲ್ಕನೆಯ ದಿಕ್ಕಿಗೆ ತೆಂಗಿನ ತೋಟ, ಅದರಾಚೆ ಹೆದ್ದಾರಿ, ರೈಲು ದಾರಿ, ಅವುಗಳ ಹಿಂದೆ ಘಟ್ಟದ ಸಾಲು. ಈ ಊರಿನಿಂದ ಒಂದು ಸುದ್ದಿಯನ್ನು ಹೊರಗೆ ಕಳುಹಿಸಬೇಕಾದರೆ ದಾರಿಗಳೆಷ್ಟು ಎಂದು ಅಲ್ಲಿ ನಿಂತು ಲೆಕ್ಕ ಹಾಕಬಹುದು. ಕಡಲಿನ ದಾರಿ ಒಂದು. ತೀರದ ಗುಂಟ ದಕ್ಷಿಣಕ್ಕೆ ಭಟ್ಕಳದ ಕಡೆಗೆ, ಉತ್ತರಕ್ಕೆ ಹೊನ್ನಾವರ ಕುಮಟಾಗಳ ಕಡೆಗೆ ಹೋಗುವುದು ಇನ್ನೊಂದು. ಘಟ್ಟವನ್ನೇರಿ ಮಲೆನಾಡನ್ನು ಸೇರುವುದು ಮೂರನೆಯದು.

ಈ ಮೂರರಲ್ಲಿ ಯಾವುದೂ ವರ್ಷದುದ್ದಕ್ಕೂ ನಂಬತಕ್ಕ ದಾರಿಯಾಗಿರಲಿಲ್ಲ. ಮುಂಗಾರು ಆರಂಭವಾದೊಡನೆ ಹಾಯಿಹಡಗುಗಳಿಗೆ ಕಡಲು ಮುಚ್ಚುತ್ತಿದ್ದಿತು. ತೀರದ ದಾರಿಗೆ ವೆಂಕಟಾಪುರ, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ ನದಿಗಳು ಅಡ್ಡಲಾಗಿದ್ದುವು. ಸೇತುವೆಗಳಿಲ್ಲದ ಆ ದಿನಗಳಲ್ಲಿ ತಾರಿಯವನು ದೋಣಿ ಬಿಟ್ಟರೆ ಪ್ರಯಾಣ ಉಂಟು, ಬಿಡದಿದ್ದರೆ ಇಲ್ಲ. ಘಟ್ಟದಲ್ಲಿ ಕಾಡು, ಕೆಸರು, ಕುಸಿಯುವ ಗುಡ್ಡ. ಆದರೆ ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಗಾಳಿಯಿಂದ ಕಡಲು ಕೆಟ್ಟರೆ, ಪ್ರವಾಹದಿಂದ ತೀರ ಕೆಟ್ಟರೆ, ಮಣ್ಣಿನಿಂದ ಘಟ್ಟ ಕೆಡುತ್ತಿದ್ದಿತು. ಮೂರಕ್ಕೂ ಬೇರೆ ಬೇರೆ ಕಾರಣಗಳಿದ್ದುದರಿಂದ ಮೂರೂ ಒಂದೇ ಗಳಿಗೆಯಲ್ಲಿ ಕೆಡುವುದು ಅಪರೂಪ. ಇಂದು ಗಣಕಯಂತ್ರಗಳ ಜಾಲದಲ್ಲಿ ಸುದ್ದಿಯನ್ನು ತಪ್ಪದೆ, ತಡವಾಗದೆ ಮುಟ್ಟಿಸುವ ಶಾಸ್ತ್ರವು ನಿಂತಿರುವುದು ಈ ಒಂದು ಸಂಗತಿಯ ಮೇಲೆಯೇ. ಆ ಶಾಸ್ತ್ರ ಬೆಳೆದುಬಂದ ದಾರಿಯನ್ನು ನಮ್ಮ ಕರಾವಳಿಯಿಂದಲೇ ಹೊರಟು ನೋಡೋಣ.

ಪತ್ತೇಮಾರಿ ಎಂದರೆ ಕರಾವಳಿಯವರಿಗೆ ಹೇಳಿಕೊಡಬೇಕಾದುದಿಲ್ಲ. ಓರೆ ಹಾಯಿ ಕಟ್ಟಿ ಸರಕು ಸಾಗಿಸುತ್ತಿದ್ದ ಹಡಗು. ಆದರೆ ಹದಿನಾರು ಹದಿನೇಳನೆಯ ಶತಮಾನಗಳ ಯುರೋಪಿಯನ್ನರ ಬರಹಗಳಲ್ಲಿ ಈ ಹೆಸರಿಗೆ ಇನ್ನೊಂದು ಅರ್ಥವೂ ಇದೆ. ಕಾಗದಗಳನ್ನು ಹೊತ್ತು ನೆಲದ ಮೇಲೆ ಓಡುವ ದೂತನನ್ನೂ ಅವರು ಪತ್ತಮಾರ್ ಎಂದೇ ಕರೆದಿದ್ದಾರೆ. ಒಂದೇ ಹೆಸರು ನೆಲದ ದೂತನಿಗೂ ಸಲ್ಲುತ್ತಿದ್ದಿತು, ನೀರಿನ ಹಡಗಿಗೂ ಸಲ್ಲುತ್ತಿದ್ದಿತು. ಪಶ್ಚಿಮ ಕರಾವಳಿಯಲ್ಲಿ ಸುದ್ದಿ ಎರಡು ಕಾಲಿನ ಮೇಲೂ ಬರುತ್ತಿದ್ದಿತು, ಹಾಯಿಯ ಮೇಲೂ ಬರುತ್ತಿದ್ದಿತು ಎಂಬುದಕ್ಕೆ ಆ ಮಾತೇ ಸಾಕ್ಷಿ.

ದೂತರ ಓಟವನ್ನು ಚೆನ್ನಾಗಿ ಬಣ್ಣಿಸಿದವನು ನಮ್ಮ ಹೊನ್ನಾವರವನ್ನೂ ಕಂಡವನು. ಮೊರಾಕ್ಕೊ ದೇಶದ ಇಬ್ನ್ ಬತೂತ 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದಿದ್ದನು. ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಪಾಠಶಾಲೆಗಳನ್ನು ಕಂಡೆನೆಂದು ಅವನು ಬರೆದುದನ್ನು ಹಲವರು ಬಲ್ಲರು. ಅದೇ ಗ್ರಂಥದಲ್ಲಿ ದೆಹಲಿಯ ಸುಲ್ತಾನರ ಅಂಚೆಯ ವರ್ಣನೆಯೂ ಇದೆ. ಕುದುರೆಯ ಅಂಚೆ ಒಂದು, ಕಾಲಾಳಿನ ಅಂಚೆ ಇನ್ನೊಂದು. ಕಾಲಾಳಿನ ಅಂಚೆಯಲ್ಲಿ ಮೈಲಿಗೆ ಮೂರು ಕಟ್ಟೆಗಳು. ಓಡುವವನ ಒಂದು ಕೈಯಲ್ಲಿ ಕಾಗದ, ಇನ್ನೊಂದರಲ್ಲಿ ತಾಮ್ರದ ಗೆಜ್ಜೆ ಕಟ್ಟಿದ ಕೋಲು. ಗೆಜ್ಜೆಯ ಸಪ್ಪಳ ಕೇಳಿದೊಡನೆ ಮುಂದಿನ ಕಟ್ಟೆಯವನು ಎದ್ದು ಸಿದ್ಧನಾಗುತ್ತಿದ್ದನು. ಸಿಂಧದಿಂದ ದೆಹಲಿಗೆ ಪ್ರಯಾಣಿಕರಿಗೆ ಐವತ್ತು ದಿನ ಹಿಡಿಯುತ್ತಿದ್ದರೆ, ಸುದ್ದಿ ಐದು ದಿನಗಳಲ್ಲಿ ಮುಟ್ಟುತ್ತಿದ್ದಿತಂತೆ. ಕಾಲಾಳಿನ ಅಂಚೆಯೇ ಕುದುರೆಗಿಂತ ವೇಗದ್ದೆಂದೂ ಅವನು ಹೇಳುತ್ತಾನೆ.

ಇಷ್ಟು ವೇಗಕ್ಕೆ ಕಾರಣ ಓಟದ ಬಲವೊಂದೇ ಅಲ್ಲ. ಮುಂದಿನವನು ಮೊದಲೇ ಸಿದ್ಧನಾಗಿ ನಿಂತಿರುತ್ತಿದ್ದುದು. ಹೊತ್ತು ಹಾಳಾಗುವುದು ಹೆಚ್ಚಾಗಿ ಕಾಯುವುದರಲ್ಲಿ, ಓಡುವುದರಲ್ಲಲ್ಲ. ಆದರೂ ಈ ಏರ್ಪಾಡಿಗೆ ಒಂದು ಕೊರತೆ ಇದ್ದಿತು. ನೂರಾರು ಓಟಗಾರರಿದ್ದರೂ ಸರಪಳಿ ಒಂದೇ. ನಡುವೆ ಒಬ್ಬನನ್ನು ಹುಲಿ ಹಿಡಿದರೆ, ಹೊಳೆ ಸೆಳೆದರೆ, ಕಾಗದ ಅಲ್ಲಿಗೆ ಮುಗಿಯಿತು. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು ಹದಿನೇಳನೆಯ ಶತಮಾನದ ಕೊನೆಯಲ್ಲಿ ಕಟ್ಟಿದ, 1889ರಲ್ಲಿ ಬ್ರಿಟಿಷ್ ಅಂಚೆಯಲ್ಲಿ ಸೇರಿಹೋದ ಪ್ರಸಿದ್ಧ ಅಂಚೆಯಲ್ಲಿಯೂ ಓಟಗಾರನಿಗೆ ಅಪಾಯ ತಪ್ಪಿರಲಿಲ್ಲ.

ಈ ಕೊರತೆಗೆ ಮದ್ದು ಕಂಡವರು ದೂರದ ಕಡಲನ್ನು ದಾಟಬೇಕಾಗಿದ್ದವರು. ಈಸ್ಟ್ ಇಂಡಿಯಾ ಕಂಪನಿಯ ಕಾಗದವು ಗುಡ್‌ಹೋಪ್ ಭೂಶಿರವನ್ನು ಬಳಸಿ ಲಂಡನ್ನನ್ನು ಮುಟ್ಟಲು ತಿಂಗಳುಗಳು ಬೇಕಾಗುತ್ತಿದ್ದುವು. ಹಡಗು ಮುಳುಗಿತೆಂದು ತಿಳಿದು ಮತ್ತೊಂದು ಕಾಗದ ಬರೆಯುವ ಹೊತ್ತಿಗೆ ವರ್ಷವೇ ಕಳೆದಿರುತ್ತಿದ್ದಿತು. ಆದುದರಿಂದ ಕಂಪನಿಯ ಗುಮಾಸ್ತರು ಮುಖ್ಯ ಕಾಗದಕ್ಕೆ ಎರಡು ಮೂರು ಪ್ರತಿ ಮಾಡಿ, ಒಂದೊಂದನ್ನು ಒಂದೊಂದು ಹಡಗಿನಲ್ಲಿ ಕಳುಹಿಸುತ್ತಿದ್ದರು. ಮೊದಲು ಬಂದುದೇ ಕಾಗದ. ಹಿಂದೆ ಬಂದುದು ದಫ್ತರಕ್ಕೆ. ನಷ್ಟವಾದ ಮೇಲೆ ಎಚ್ಚರಗೊಳ್ಳುವ ಬದಲು ನಷ್ಟವನ್ನು ಮೊದಲೇ ಲೆಕ್ಕಕ್ಕೆ ಹಿಡಿಯುವ ಪದ್ಧತಿ ಇದು.

ವರ್ತಕರೂ ಇದನ್ನು ಬಲ್ಲವರು. ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಹೋಗುತ್ತಿದ್ದ ಕಾಲವನ್ನು ನೆನೆಯಬೇಕು. 1861ರಿಂದ 1865ರವರೆಗೆ ಅಮೇರಿಕದಲ್ಲಿ ಅಂತರ್ಯುದ್ಧ ನಡೆದಾಗ ಭಾರತದ ಹತ್ತಿಗೆ ಬೆಲೆ ಏರಿತು. ಕುಮಟಾದ ಹೆಸರು ಇಂಗ್ಲೆಂಡಿನ ಹತ್ತಿಯ ಪೇಟೆಯವರೆಗೂ ಮುಟ್ಟಿತು. ಅಂಥ ದಿನಗಳಲ್ಲಿ ಹಣದ ಕಾಗದ ದಾರಿಯಲ್ಲಿ ಕಳೆದರೆ ಏನು ಗತಿ? ನಮ್ಮ ಹುಂಡಿಯ ಪದ್ಧತಿಯಲ್ಲಿ ಮೂಲ ಹುಂಡಿ ಕಳೆದುಹೋದರೆ ಪೇಠವೆಂಬ ಎರಡನೆಯ ಪ್ರತಿಯನ್ನೂ, ಅದೂ ಹೋದರೆ ಪರಪೇಠವೆಂಬ ಮೂರನೆಯದನ್ನೂ ಕೊಡುತ್ತಿದ್ದರು. ಯುರೋಪಿನ ವಿನಿಮಯ ಪತ್ರದಲ್ಲಾದರೋ ಮೊದಲೇ ಎರಡು ಮೂರು ಪ್ರತಿ ಬರೆದು ಬೇರೆ ಬೇರೆ ದಾರಿಯಲ್ಲಿ ಕಳುಹಿಸುತ್ತಿದ್ದರು; ಒಂದಕ್ಕೆ ಹಣ ಸಂದರೆ ಉಳಿದುವು ರದ್ದು ಎಂದು ಪ್ರತಿಯೊಂದರಲ್ಲಿಯೂ ಬರೆದಿರುತ್ತಿದ್ದಿತು.

ಓದುಗರು ಈ ಎರಡು ಪದ್ಧತಿಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಕಳೆದ ಮೇಲೆ ಮತ್ತೆ ಕಳುಹಿಸುವುದು ಪೇಠದ ಪದ್ಧತಿ. ಇದರಲ್ಲಿ ಖರ್ಚು ಕಡಿಮೆ, ವಿಳಂಬ ಹೆಚ್ಚು. ಮೊದಲೇ ಎರಡು ದಾರಿಯಲ್ಲಿ ಕಳುಹಿಸುವುದು ವಿನಿಮಯ ಪತ್ರದ ಪದ್ಧತಿ. ಇದರಲ್ಲಿ ಖರ್ಚು ಎರಡರಷ್ಟು, ವಿಳಂಬವಿಲ್ಲ. ಆದರೆ ಪಡೆಯುವವನು ಜಾಣನಾಗಿರಬೇಕು. ಎರಡು ಪ್ರತಿಗೂ ಹಣ ಎಣಿಸಿಕೊಟ್ಟರೆ ಕೆಟ್ಟನು.

ಮುರ್ಡೇಶ್ವರದ ಎದುರಿಗೆ ಕಡಲಿನಲ್ಲಿ ನೇತ್ರಾಣಿ ದ್ವೀಪವಿದೆ. ಇಂಗ್ಲಿಷರು ಅದನ್ನು ಪಾರಿವಾಳದ ದ್ವೀಪವೆಂದು ಕರೆದರು. ಅಲ್ಲಿಯ ಪಾರಿವಾಳಗಳು ಯಾರ ಕಾಗದವನ್ನೂ ಹೊತ್ತವಲ್ಲ; ಆದರೆ ಆ ಹೆಸರಿನಿಂದ ಪ್ಯಾರಿಸ್ ನಗರದ ಪಾರಿವಾಳಗಳ ನೆನಪಾಗುತ್ತದೆ. 1870–71ರಲ್ಲಿ ಪ್ರಷ್ಯದ ಸೈನ್ಯ ಪ್ಯಾರಿಸ್ಸನ್ನು ಮುತ್ತಿದಾಗ ಹೊರಗಿನ ಸುದ್ದಿ ಪಾರಿವಾಳಗಳ ಮೂಲಕವೇ ಒಳಗೆ ಹೋಗಬೇಕಾಯಿತು. ಚಳಿ, ಮಂಜು, ಗಿಡುಗ, ಬಂದೂಕು. ಬಿಟ್ಟ ಮುನ್ನೂರಕ್ಕೂ ಹೆಚ್ಚು ಹಕ್ಕಿಗಳಲ್ಲಿ ಮುಟ್ಟಿದುವು ಅರವತ್ತಕ್ಕೂ ಕಡಿಮೆ. ಆದರೂ ಸುದ್ದಿಗಳು ಒಳಗೆ ತಲಪಿದುವು. ಏಕೆಂದರೆ ಕಾಗದಗಳನ್ನು ಛಾಯಾಚಿತ್ರ ವಿದ್ಯೆಯಿಂದ ಅತಿ ಸಣ್ಣದಾಗಿಸಿ, ಒಂದೇ ಸುದ್ದಿಯನ್ನು ಅನೇಕ ಹಕ್ಕಿಗಳ ಬಾಲಕ್ಕೆ ಕಟ್ಟಿ ಮತ್ತೆ ಮತ್ತೆ ಬಿಡುತ್ತಿದ್ದರು. ಒಂದು ಹಕ್ಕಿಯನ್ನು ನಂಬುವಂತಿರಲಿಲ್ಲ. ಹಕ್ಕಿಗಳ ಸಮೂಹವನ್ನು ನಂಬಬಹುದಾಗಿತ್ತು.

ಅದೇ ವರ್ಷಗಳಲ್ಲಿ ತಂತಿಯೂ ಬಂದಿತು. 1865ರಲ್ಲಿ ಕರಾಚಿಯಿಂದ ಪರ್ಷಿಯದ ಕೊಲ್ಲಿಯಲ್ಲಿ ಹಾಸಿದ ಕೇಬಲ್ ತುರ್ಕಿ ದೇಶದ ತಂತಿಯನ್ನು ಕೂಡಿ ಭಾರತಕ್ಕೂ ಯುರೋಪಿಗೂ ಸಂಪರ್ಕವಾಯಿತು. 1870ರಲ್ಲಿ ರಷ್ಯ, ಪರ್ಷಿಯಗಳ ಮೂಲಕ ಸೀಮೆನ್ಸ್ ಸಹೋದರರ ತಂತಿಯೂ, ಮುಂಬಯಿಯಿಂದ ಏಡನ್, ಸುಯೆಜ್‌ಗಳ ಮೂಲಕ ಕಡಲಿನ ಕೇಬಲ್ಲೂ ಸಿದ್ಧವಾದುವು. ಹೀಗೆ ಐದೇ ವರ್ಷಗಳಲ್ಲಿ ಮೂರು ದಾರಿಗಳಾದುವು. ತಂತಿ ಕೊಡುವವನು ಯಾವ ದಾರಿಯಲ್ಲಿ ಹೋಗಬೇಕೆಂದು ಕಾಗದದ ಮೇಲೆಯೇ ಸೂಚಿಸಬಹುದಾಗಿತ್ತು.

ರೇಡಿಯೋ ಕೇಳುವವರಿಗೆ ಇನ್ನೊಂದು ಉದಾಹರಣೆ ಹತ್ತಿರವಾದೀತು. ಕಿರುತರಂಗದ ಕೇಂದ್ರವನ್ನು ಕೇಳುವಾಗ ಧ್ವನಿ ಏರಿಳಿಯುವುದು, ಕೆಲವೊಮ್ಮೆ ಮುಳುಗಿಯೇ ಹೋಗುವುದು ಹಳೆಯ ಕೇಳುಗರಿಗೆಲ್ಲ ಗೊತ್ತು. ಆಕಾಶದ ಮೇಲ್ಪದರದಿಂದ ಮರಳುವ ಅಲೆಗಳು ಒಂದನ್ನೊಂದು ಕೂಡಿಯೋ ಅಳಿಸಿಯೋ ಹೀಗಾಗುತ್ತದೆ. 1920ರ ದಶಕದಲ್ಲಿ ಅಮೇರಿಕದ ಬೆವರೇಜ್, ಪೀಟರ್ಸನ್ ಎಂಬ ಇಂಜಿನಿಯರರು ಒಂದು ಸಂಗತಿಯನ್ನು ಗಮನಿಸಿದರು. ನೂರಾರು ಮೀಟರು ದೂರದಲ್ಲಿ ಎರಡು ಏರಿಯಲ್‌ಗಳನ್ನು ಕಟ್ಟಿದರೆ, ಒಂದರಲ್ಲಿ ಧ್ವನಿ ಮುಳುಗಿದ ಕ್ಷಣಕ್ಕೆ ಇನ್ನೊಂದರಲ್ಲಿ ಅದು ಮುಳುಗಿರುವುದಿಲ್ಲ. ಎರಡು ಮೂರು ಏರಿಯಲ್‌ಗಳಲ್ಲಿ ಏಕಕಾಲಕ್ಕೆ ಹಿಡಿದು, ಬಲವಾಗಿ ಬಂದುದನ್ನು ಬಳಸಿದರೆ ಕಾರ್ಯಕ್ರಮ ತಡೆಯಿಲ್ಲದೆ ಬರುತ್ತದೆ. ಏರಿಯಲ್‌ಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಮಾತ್ರ ಉಪಯೋಗವಿಲ್ಲ. ಆಗ ಎರಡೂ ಒಟ್ಟಿಗೆ ಮುಳುಗುತ್ತವೆ. ದಾರಿ ಎರಡಾದರೆ ಸಾಲದು, ಅವುಗಳ ನಡುವೆ ದೂರವೂ ಬೇಕು ಎಂಬುದನ್ನು ಇಲ್ಲಿ ಅಳತೆಗೋಲಿನಿಂದಲೇ ತೋರಿಸಿದಂತಾಯಿತು.

ಇನ್ನು ಗಣಕಯಂತ್ರದ ಕಾಲ. ಯುದ್ಧದಲ್ಲಿ ಕೆಲವು ಕೇಂದ್ರಗಳು ನಾಶವಾದರೂ ಸುದ್ದಿ ನಿಲ್ಲದಂತೆ ಜಾಲವನ್ನು ಹೇಗೆ ಕಟ್ಟಬೇಕೆಂದು ಅಮೇರಿಕದ ರ‍್ಯಾಂಡ್ ಸಂಸ್ಥೆಯ ಪಾಲ್ ಬಾರನ್ ಎಂಬಾತನು ವಿಚಾರ ಮಾಡಿ 1964ರಲ್ಲಿ ತನ್ನ ಬರಹಗಳನ್ನು ಪ್ರಕಟಿಸಿದನು. ಎಲ್ಲ ತಂತಿಗಳೂ ಒಂದು ನಡುಮನೆಗೆ ಬರುವಂತೆ ಕಟ್ಟಬಾರದು. ಮೀನಿನ ಬಲೆಯಂತೆ ಗಂಟಿನಿಂದ ಗಂಟಿಗೆ ಹಲವು ದಾರಿಗಳಿರಬೇಕು. ಅತ್ಯಗತ್ಯಕ್ಕಿಂತ ಮೂರು ನಾಲ್ಕು ಪಟ್ಟು ಕೊಂಡಿಗಳಿದ್ದರೆ ಸಾಕು, ಸಾಧಾರಣ ಭಾಗಗಳಿಂದಲೇ ಗಟ್ಟಿಯಾದ ಜಾಲವಾಗುತ್ತದೆ ಎಂದು ಅವನು ಲೆಕ್ಕದಿಂದ ತೋರಿಸಿದನು. ಸುದ್ದಿಯನ್ನು ಸಣ್ಣ ತುಂಡುಗಳಾಗಿಸಿ ಒಂದೊಂದಕ್ಕೂ ವಿಳಾಸ ಹಚ್ಚಿ ಬಿಡುವುದು ಅವನ ಯೋಜನೆ. ತರುವಾಯ ಇಂಗ್ಲೆಂಡಿನ ಡೊನಾಲ್ಡ್ ಡೇವಿಸ್ ತಾನಾಗಿಯೇ ಇದೇ ಯೋಚನೆಗೆ ಬಂದು, ಆ ತುಂಡುಗಳಿಗೆ ಪೊಟ್ಟಣಗಳೆಂದು ಹೆಸರಿಟ್ಟನು. 1969ರ ಅಕ್ಟೋಬರ್ 29ರಂದು ಅಮೇರಿಕದ ಎರಡು ಗಣಕಯಂತ್ರಗಳ ನಡುವೆ ಅಂಥ ಜಾಲದಲ್ಲಿ ಮೊದಲ ಸುದ್ದಿ ಹೋಯಿತು. ಎರಡು ಅಕ್ಷರ ಮುಟ್ಟುವಷ್ಟರಲ್ಲಿ ಯಂತ್ರ ನಿಂತಿತು.

ಇಂದಿನ ಅಂತರಜಾಲದಲ್ಲಿ ಹೆಚ್ಚಾಗಿ ನಡೆಯುವುದು ಪೇಠದ ಪದ್ಧತಿಯೇ. ಪೊಟ್ಟಣ ಕಳುಹಿಸುವುದು, ಮುಟ್ಟಿತೆಂಬ ರಸೀದಿಗೆ ಕಾಯುವುದು, ಬಾರದಿದ್ದರೆ ಮತ್ತೆ ಕಳುಹಿಸುವುದು. ವಿಂಟ್ ಸರ್ಫ್, ಬಾಬ್ ಕಾನ್ ಇಬ್ಬರೂ 1974ರಲ್ಲಿ ವಿವರಿಸಿದ ನಿಯಮ ಇದಕ್ಕೆ ಅಡಿಪಾಯ. ಕಾಗದ, ಚಿತ್ರ, ಪುಸ್ತಕಗಳಿಗೆ ಇದು ಸಾಕು. ಆದರೆ ಲೆಕ್ಕ ನೋಡಿರಿ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಓಡುತ್ತದೆ. 500 ಕಿಲೋಮೀಟರು ಉದ್ದದ ಎಳೆಯನ್ನು ದಾಟಲು ಸೆಕೆಂಡಿನ ನಾನ್ನೂರನೆಯ ಒಂದು ಪಾಲು ಸಾಕು. ರಸೀದಿ ಬಾರದೆ ಕಾಯತೊಡಗಿದರೆ, ಆರಂಭದಲ್ಲಿ 1 ಸೆಕೆಂಡು ಕಾಯಬೇಕೆಂದು ನಿಯಮವೇ ಹೇಳುತ್ತದೆ. ಓಟಕ್ಕಿಂತ ಕಾಯುವಿಕೆ ನಾನ್ನೂರು ಪಟ್ಟು! ಮಾತಿನ ನಡುವೆ ಇಷ್ಟು ತಡೆಯಾದರೆ ಸಂಭಾಷಣೆ ಕೆಡುತ್ತದೆ. ವಿದ್ಯುತ್ ಉಪಕೇಂದ್ರದಲ್ಲಿ ತಂತಿ ಕಡಿದಾಗ ಸ್ವಿಚ್ಚು ಬೀಳಿಸುವ ಆಜ್ಞೆಗೆ ಇಷ್ಟು ತಡವಾದರೆ ಯಂತ್ರಗಳೇ ಸುಟ್ಟಾವು.

ಆದುದರಿಂದ ಅಂಥ ಕಡೆಗಳಲ್ಲಿ ವಿನಿಮಯ ಪತ್ರದ ಪದ್ಧತಿ ಮರಳಿ ಬಂದಿದೆ. ಉಪಕೇಂದ್ರಗಳಲ್ಲಿ ಎರಡು ಪ್ರತ್ಯೇಕ ಜಾಲಗಳನ್ನು ಹಾಸಿ, ಪ್ರತಿಯೊಂದು ಪೊಟ್ಟಣಕ್ಕೂ ಕ್ರಮಸಂಖ್ಯೆ ಹಾಕಿ, ಎರಡರಲ್ಲಿಯೂ ಒಂದೇ ಕಾಲಕ್ಕೆ ಬಿಡುತ್ತಾರೆ. ಪಡೆಯುವ ಯಂತ್ರವು ಮೊದಲು ಬಂದುದನ್ನು ಸ್ವೀಕರಿಸಿ, ಅದೇ ಸಂಖ್ಯೆಯ ಎರಡನೆಯದನ್ನು ಬಿಸಾಡುತ್ತದೆ. ಒಂದು ಜಾಲ ಕಡಿದರೂ ಒಂದು ಕ್ಷಣವೂ ನಷ್ಟವಿಲ್ಲ; ದಾರಿ ಬದಲಿಸುವ ಪ್ರಶ್ನೆಯೇ ಬರುವುದಿಲ್ಲ, ಏಕೆಂದರೆ ಎರಡನೆಯ ದೂತನು ಆಗಲೇ ಓಡುತ್ತಿದ್ದಾನೆ.

ಪೂರ್ತಿ ಎರಡರಷ್ಟು ಖರ್ಚು ಬೇಡವೆನ್ನುವವರಿಗೆ ಒಂದು ಜಾಣ ಉಪಾಯವೂ ಉಂಟು. 7 ಮತ್ತು 5 ಎಂಬ ಎರಡು ಸಂಖ್ಯೆಗಳನ್ನು ಕಳುಹಿಸಬೇಕಾಗಿದೆ ಎನ್ನಿ. ತೀರದ ದೂತನಿಗೆ 7, ಘಟ್ಟದ ದೂತನಿಗೆ 5, ಕಡಲಿನ ದೂತನಿಗೆ ಅವುಗಳ ಮೊತ್ತ 12 ಕೊಡಿರಿ. ಮೂವರಲ್ಲಿ ಯಾವನೊಬ್ಬನು ತಪ್ಪಿದರೂ ಉಳಿದಿಬ್ಬರಿಂದ ಎರಡು ಸಂಖ್ಯೆಗಳೂ ದೊರೆಯುತ್ತವೆ. ನಾಲ್ಕು ದೂತರ ಕೆಲಸ ಮೂವರಿಂದ ಆಯಿತು.

ಇಷ್ಟೆಲ್ಲ ಲೆಕ್ಕಕ್ಕೂ ಆಧಾರವಾದ ಮಾತನ್ನು ಈಗ ಹೇಳಬೇಕು. ಒಂದು ದಾರಿ ನೂರರಲ್ಲಿ ಒಂದು ಸಲ ಕೆಡುವುದಾದರೆ, ಎರಡು ದಾರಿಗಳೂ ಒಟ್ಟಿಗೆ ಕೆಡುವುದು ಹತ್ತು ಸಾವಿರದಲ್ಲಿ ಒಂದು ಸಲ. ಆದರೆ ಎರಡೂ ಬೇರೆ ಬೇರೆ ಕಾರಣಗಳಿಂದ ಕೆಡುವುದಾದರೆ ಮಾತ್ರ ಈ ಲೆಕ್ಕ ಸರಿ. ಒಂದೇ ಗುಡ್ಡದ ಕೆಳಗೆ ಎರಡು ದಾರಿ ಹಾಸಿದರೆ ಅದು ಮತ್ತೆ ನೂರರಲ್ಲಿ ಒಂದೇ.

2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯದ ಬಳಿ ಕಡಲಿನ ತಳದಲ್ಲಿ ಎರಡು ದೊಡ್ಡ ಕೇಬಲ್ಲುಗಳು ಒಂದೇ ದಿನ ಕಡಿದುವು. ಭಾರತದ ಹೊರನಾಡಿನ ಅಂತರಜಾಲ ಸಂಪರ್ಕ ಹೆಚ್ಚು ಕಡಿಮೆ ಅರ್ಧಕ್ಕಿಳಿಯಿತು. ಹೆಸರು ಎರಡಾದರೂ ಹಾದುಹೋದ ಕಡಲು ಒಂದೇ ಆಗಿದ್ದಿತು.

ನಮ್ಮ ಜಿಲ್ಲೆಯಲ್ಲಿಯೇ 2024ರ ಮಳೆಗಾಲವು ಈ ಪಾಠವನ್ನು ಎರಡು ವಿಧವಾಗಿ ಕಲಿಸಿತು. ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೂ ಅದರ ಪಕ್ಕದ ಚಹದ ಅಂಗಡಿಯನ್ನೂ ಗಂಗಾವಳಿಯ ಕಡೆಗೆ ದೂಡಿತು. ಹಲವರು ಪ್ರಾಣ ಕಳೆದುಕೊಂಡರು. ಅವರ ಮನೆಗಳ ದುಃಖಕ್ಕೆ ಯಾವ ಲೆಕ್ಕವೂ ಇಲ್ಲ. ಹೋಗುವ ದಾರಿ ಬರುವ ದಾರಿಗಳೆರಡೂ ಒಂದೇ ಗುಡ್ಡದ ಬುಡದಲ್ಲಿದ್ದುದರಿಂದ ಎರಡೂ ಒಟ್ಟಿಗೆ ಮುಚ್ಚಿದುವು. ಮೂರು ವಾರಗಳ ತರುವಾಯ, ಆಗಸ್ಟ್ 7ರ ನಡುರಾತ್ರಿ, ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಒಂದು ಲಾರಿ ನೀರಿಗೆ ಬಿದ್ದಿತು, ಚಾಲಕನನ್ನು ಕಾಪಾಡಿದರು. ಪಕ್ಕದಲ್ಲಿ ಹೊಸ ಸೇತುವೆ ಬೇರೆಯಾಗಿಯೇ ನಿಂತಿದ್ದಿತು. ಅದನ್ನು ಪರೀಕ್ಷಿಸಿ ನೋಡಿ, ಗೋವೆಗೆ ಹೋಗುವ ಬರುವ ವಾಹನಗಳನ್ನೆಲ್ಲ ಅದರ ಮೇಲೆಯೇ ಬಿಟ್ಟರು. ನದಿ ಒಂದೇ ಆದರೂ ಕಂಬಗಳು ಬೇರೆ, ಕಟ್ಟಿದ ಕಾಲ ಬೇರೆ. ಆದುದರಿಂದ ಒಂದರ ಗತಿ ಇನ್ನೊಂದಕ್ಕೆ ಬರಲಿಲ್ಲ.

1998ರ ಜನವರಿ 26ರಂದು ಪೂರ್ಣವಾಗಿ ತೆರೆದ ಕೊಂಕಣ ರೈಲು ದಾರಿಯು ಮುರ್ಡೇಶ್ವರಕ್ಕೂ ಒಂದು ನಿಲ್ದಾಣ ಕೊಟ್ಟಿತು. ಹಳಿಯ ಗುಂಟ ಬೆಳಕಿನ ಎಳೆಯನ್ನೂ ತಂದಿತು. ಹೆದ್ದಾರಿ ಕೆಟ್ಟಾಗ ರೈಲು ನೆರವಾಗುತ್ತದೆ ಎಂಬುದು ನಿಜ. ಆದರೆ ಅದೇ 2024ರ ಜುಲೈಯಲ್ಲಿ ಗೋವೆಯ ಪೆರ್ನೆಂ ಸುರಂಗಕ್ಕೆ ನೀರು ನುಗ್ಗಿ ರೈಲೂ ನಿಂತಿದ್ದಿತು. ತೀರದ ಗುಂಟ ಹೋಗುವ ದಾರಿಗಳೆಲ್ಲ ಒಂದೇ ಮಳೆಗೆ ತೋಯುತ್ತವೆ. ಹೀಗಿರುವಲ್ಲಿ ಮನೆಯಲ್ಲಿ ಎರಡು ಕಂಪನಿಗಳ ಮೊಬೈಲು ಇದೆಯೆಂದು ನಿಶ್ಚಿಂತೆಯಿಂದ ಇರಲಾಗದು. ಎರಡು ಗೋಪುರಗಳೂ ಒಂದೇ ಎಳೆಯನ್ನು, ಒಂದೇ ವಿದ್ಯುತ್ ತಂತಿಯನ್ನು ನೆಚ್ಚಿಕೊಂಡಿದ್ದರೆ ಅವು ಹೆಸರಿಗೆ ಮಾತ್ರ ಎರಡು. ಒಂದು ಎಳೆ ತೀರದ ಗುಂಟ ಹೋದರೆ ಇನ್ನೊಂದು ಘಟ್ಟವನ್ನೇರಿ ಹೋಗಲಿ. ಊರಿನ ಆಸ್ಪತ್ರೆ, ಬಂದರು, ಪೊಲೀಸ್ ಠಾಣೆಗಳ ಸಂಪರ್ಕವನ್ನು ಏರ್ಪಡಿಸುವವರನ್ನು ನಾಗರಿಕರು ಕೇಳಬೇಕಾದ ಪ್ರಶ್ನೆ ಇದು.

ಎಲ್ಲಕ್ಕಿಂತ ಹೆಚ್ಚಾಗಿ ಕೇಳಬೇಕಾದವರು ಕಡಲಿಗೆ ಹೋಗುವವರು. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಎದ್ದಾಗ, ಕೇರಳ ತಮಿಳುನಾಡುಗಳ ಅನೇಕ ಬೆಸ್ತರು ಮೊಬೈಲಿನ ಕರೆ ಮುಟ್ಟದಷ್ಟು ದೂರದಲ್ಲಿದ್ದರು. ಎಚ್ಚರಿಕೆ ಅವರನ್ನು ತಲಪಲೇ ಇಲ್ಲ. ತರುವಾಯ 2019ರಲ್ಲಿ ಉಪಗ್ರಹದಿಂದ ನೇರವಾಗಿ ದೋಣಿಗೆ ಎಚ್ಚರಿಕೆ ಕೊಡುವ ಸಣ್ಣ ಯಂತ್ರವನ್ನು ನಮ್ಮ ದೇಶದಲ್ಲಿಯೇ ಹೊರತಂದರು. ಹೀಗೆ ಬಂದರಿನಲ್ಲಿ ಏರಿಸುವ ಬಿರುಗಾಳಿಯ ಸಂಕೇತ, ಬಾನುಲಿಯ ಹವಾಮಾನ ವರದಿ, ಮೊಬೈಲಿನ ಸಂದೇಶ, ಉಪಗ್ರಹದ ಎಚ್ಚರಿಕೆ ಎಂದು ನಾಲ್ಕು ದೂತರಾದರು. ನಾಲ್ವರೂ ಒಂದೇ ಸುದ್ದಿಯನ್ನು ಹೇಳಿದರೆ ಅದು ವ್ಯರ್ಥವಲ್ಲ. ಮೂವರು ದಾರಿಯಲ್ಲಿ ಬಿದ್ದರೂ ನಾಲ್ಕನೆಯವನು ಬಂದಾನು.

ಮನೆಯಲ್ಲಿ ಬ್ಯಾಟರಿಯಿಂದ ನಡೆಯುವ ಒಂದು ರೇಡಿಯೋ ಇದ್ದರೆ ಅದನ್ನು ಕಪಾಟಿನ ಮೂಲೆಗೆ ಸೇರಿಸದೆ, ಮಳೆಗಾಲಕ್ಕೆ ಮೊದಲು ಹೊಸ ಬ್ಯಾಟರಿ ಹಾಕಿ ಒಮ್ಮೆ ಹಚ್ಚಿ ನೋಡಿರಿ. ಊರಿನ ತಂತಿ, ಎಳೆ, ಗೋಪುರಗಳೆಲ್ಲ ಕೈಬಿಟ್ಟ ರಾತ್ರಿಯಲ್ಲಿ ದೂರದ ಕೇಂದ್ರದಿಂದ ಅದಕ್ಕೆ ಬರುವ ದಾರಿ ಬೇರೆಯೇ ಆಗಿರುತ್ತದೆ.